ಕ್ರಿಸ್‌ಮಸ್ ಮರಕ್ಕೆ ಮನೆಯಲ್ಲೇ ಅಲಂಕಾರ: ಮೊದಲು ಕೊಂಬೆ ನೋಡಿ, ಆಮೇಲೆ ಹಿಟ್ಟು ಕಲಸಿ

ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅಲಂಕಾರ ಮಾಡುವುದು ಹೇಗೆ ಅಂತ ಹುಡುಕಿದರೆ ಸಿಗುವುದೆಲ್ಲ ಫರ್ ಮರ, ಪೈನ್ ಮರ ಬೆಳೆಯುವ ಊರಿನವರ ಲೆಕ್ಕ. ಅವರ ಕೊಂಬೆ ಗಟ್ಟಿ. ಹೀಟರ್ ಹಾಕಿದ ಮನೆಯೊಳಗೆ ಹವೆಯೂ ಒಣ. ನಮ್ಮಲ್ಲಿ ಇರುವುದು ಬಕೆಟ್ಟಿಗೆ ಮರಳು ತುಂಬಿ ನಿಲ್ಲಿಸಿದ ಸರ್ವೆ ಕೊಂಬೆ, ಕರಾವಳಿಯವರು ಗಾಳಿಮರ ಅನ್ನುತ್ತಾರಲ್ಲ ಅದು. ಇಲ್ಲಾಂದ್ರೆ ಕುಂಡದಲ್ಲಿರುವ ಅರಾಕೇರಿಯಾ ಗಿಡ, ಅದೂ ಇಲ್ಲಾಂದ್ರೆ ಅಟ್ಟದಿಂದ ಇಳಿಸಿದ ಪ್ಲಾಸ್ಟಿಕ್ ಮರ. ಸರ್ವೆ ಕಡ್ಡಿ ಕೂದಲಿನ ಹಾಗೆ ತೆಳ್ಳಗಿರುತ್ತೆ, ಸ್ವಲ್ಪ ಭಾರ ಬಿದ್ದರೂ ತಲೆ ತಗ್ಗಿಸುತ್ತದೆ. ಹಾಗಾಗಿ ನಾನು ನೋಡುವುದು ಎರಡೇ: ತೂಕ ಎಷ್ಟು, ತೇವಕ್ಕೆ ತಡೆಯುತ್ತಾ. ಚಂದ ಆಮೇಲಿನ ಮಾತು.

ಸರ್ವೆ ಕೊಂಬೆಗೆ ಕಾಗದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಂಗಡಿಯ ಗ್ಲೇಸ್ ಪೇಪರ್ ಬೇಡ, ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಪತ್ರಿಕೆಗಳನ್ನು ತೆಗೆಯಿರಿ. ದಪ್ಪ ಕಾಗದ, ಮೇಲೆ ಚಿನ್ನದ ಗೆರೆ, ಕೆಂಪು ಬಣ್ಣ, ಇನ್ನೇನು ಬೇಕು. (ದೇವರ ಚಿತ್ರ ಇರುವ ಭಾಗ ಬಿಟ್ಟು ಕತ್ತರಿಸಿ, ಮನೆಯ ಹಿರಿಯರ ಹತ್ತಿರ ಸುಮ್ನೆ ಯಾಕೆ ಬೈಸಿಕೊಳ್ಳೋದು.) ಒಂದು ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ 12 ಪಟ್ಟಿ ಕತ್ತರಿಸಿ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಎರಡೂ ತುದಿಯಲ್ಲಿ ದಬ್ಬಣದಿಂದ ತೂತು ಮಾಡಿ. ದಪ್ಪ ದಾರಕ್ಕೆ ಒಂದು ಮಣಿ ಕಟ್ಟಿ, ಅದನ್ನು ಕೆಳಗಿನ ತೂತಿನಿಂದ ಪೋಣಿಸಿ ಮೇಲಿನ ತೂತಿನಿಂದ ಹೊರಗೆ ತನ್ನಿ. ಈಗ ದಾರ ಎಳೆದರೆ ಪಟ್ಟಿಗಳು ಬಿಲ್ಲಿನ ಹಾಗೆ ಬಾಗುತ್ತವೆ. ಮೇಲೂ ಒಂದು ಮಣಿ ಹಾಕಿ, ಗಂಟು ಬಿಗಿದು, ಪಟ್ಟಿಗಳನ್ನು ಒಂದೊಂದಾಗಿ ಸುತ್ತಲೂ ಸರಿಸುತ್ತಾ ಹೋಗಿ. ಗುಂಡಗೆ ಚೆಂಡು ಆಗುತ್ತದೆ. ತೂಕ ಇಲ್ಲವೇ ಇಲ್ಲ ಅನ್ನಬಹುದು, ಕೊಂಬೆಯ ತುದಿಗೇ ಕಟ್ಟಬಹುದು. ಅಂಟು ಬೇಡ, ಒಣಗಲಿ ಅಂತ ಕಾಯುವ ಕೆಲಸವೂ ಇಲ್ಲ, ಅದಕ್ಕೇ ಮಕ್ಕಳ ಜೊತೆ ಶುರು ಮಾಡುವುದಾದರೆ ಇದರಿಂದಲೇ ಶುರು ಮಾಡಿ. ದಬ್ಬಣ ಮಾತ್ರ ನಿಮ್ಮ ಕೈಯಲ್ಲಿರಲಿ.

ಇಷ್ಟೇ ಹಗುರವಾದ ಇನ್ನೊಂದು, ಕಡ್ಡಿ ನಕ್ಷತ್ರ. ಜರ್ಮನಿ, ಸ್ವೀಡನ್ ಕಡೆ ಗೋಧಿ ಹುಲ್ಲಿನಲ್ಲಿ ಮಾಡುತ್ತಾರೆ. ನಮಗೆ ಹೊಸ ತೆಂಗಿನ ಪೊರಕೆಯ ಕಡ್ಡಿ ಸಾಕು. ಬೆರಳುದ್ದದ ಮೂರು ಕಡ್ಡಿ ನಡುವೆ ಅಡ್ಡಡ್ಡ ಇಟ್ಟು ಕೆಂಪು ದಾರದಿಂದ ಬಿಗಿಯಾಗಿ ಕಟ್ಟಿದರೆ ಆರು ಮೂಲೆಯ ನಕ್ಷತ್ರ.

ಇನ್ನು ಉಪ್ಪಿನ ಹಿಟ್ಟು. ಎಲ್ಲರೂ ಕೇಳುವುದು ಇದನ್ನೇ, ಕೈಗೆ ಖುಷಿ ಕೊಡುವುದೂ ಇದೇ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ನೀರು ಮುಕ್ಕಾಲು ಲೋಟದಿಂದ ಶುರು ಮಾಡಿ ಬೇಕಾದರೆ ಸ್ವಲ್ಪ ಸ್ವಲ್ಪ ಸೇರಿಸಿ. ಕಲ್ಲುಪ್ಪು ಬೇಡ, ಹರಳು ಹರಳಾಗಿ ಉಳಿದು ಮೇಲ್ಮೈ ಒರಟಾಗುತ್ತೆ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಕೈಗೆ ಅಂಟಬಾರದು. ಹತ್ತು ನಿಮಿಷ ಚೆನ್ನಾಗಿ ನಾದಿ, ಇಲ್ಲದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ. ನೀರಿನ ಬದಲು ತಣ್ಣಗಾದ ಕಾಫಿ ಡಿಕಾಕ್ಷನ್ ಹಾಕಿದರೆ ಬಿಸ್ಕತ್ತಿನ ಕಂದು ಬಣ್ಣ ಬರುತ್ತದೆ, ಬಣ್ಣ ಹಚ್ಚುವ ಕೆಲಸವೇ ತಪ್ಪಿತು.

ಲಟ್ಟಿಸುವುದು ತೆಳ್ಳಗೆ, 4 ಮಿಲಿಮೀಟರ್‌ಗಿಂತ ದಪ್ಪ ಬೇಡ. ಅಚ್ಚು ಕೊಳ್ಳಲು ಹೋಗಬೇಡಿ. ಮಕ್ಕಳ ಬಳೆ, ಡಬ್ಬಿಯ ಮುಚ್ಚಳ, ಸಣ್ಣ ಲೋಟ, ಯಾವುದಾದರೂ ಸರಿ. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿದರೆ ಸಾಲು ಸಾಲಾಗಿ ಗೆರೆ ಬೀಳುತ್ತೆ. ಮಂಗಳೂರು ಕಡೆ ಕುಸ್ವಾರಿಗೆ (ಅಂದರೆ ಕ್ರಿಸ್‌ಮಸ್ ತಿಂಡಿಗಳಿಗೆ) ಕಿಡಿಯೊ ಅನ್ನುವ ಸಿಹಿ ಮಾಡುವವರಿಗೆ ಈ ಕೈಚಳಕ ಹೇಳಿಕೊಡಬೇಕಾಗಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆ ಇದ್ದರಂತೂ ಅದೃಷ್ಟ. ಒಂದು ಭಾಗಕ್ಕೆ ಒಣ ಮೈದಾ ಉದುರಿಸಿ, ಹಿಟ್ಟು ಒತ್ತಿ, ಹಿಂಬದಿ ಚಾಕುವಿನಿಂದ ಸಮ ಮಾಡಿ, ತಟ್ಟಿ ಬೀಳಿಸಿ. ನವಿಲು, ಮೀನು, ಹೂವು ಎಲ್ಲ ಮರದ ಮೇಲೆ ಬಂದು ಕೂರುತ್ತವೆ. ಮಣೆಯಲ್ಲಿ ಉಪ್ಪು ಉಳಿಯದ ಹಾಗೆ ತೊಳೆದು ಒಣಗಿಸಿಡಿ, ಜನವರಿಯಲ್ಲಿ ಬೇಕಲ್ವಾ. ದಾರಕ್ಕೆ ತೂತನ್ನು ಹಸಿ ಇರುವಾಗಲೇ ಜ್ಯೂಸ್ ಸ್ಟ್ರಾದಿಂದ ಮಾಡಿ. ಕಡ್ಡಿಯ ಸಣ್ಣ ತೂತು ಒಣಗುವಷ್ಟರಲ್ಲಿ ಇನ್ನೂ ಸಣ್ಣದಾಗಿರುತ್ತದೆ. ಅಂಚಿಗೆ ತೀರಾ ಹತ್ತಿರ ಮಾಡಿದರೆ ನೇತುಹಾಕಿದ ದಿನವೇ ಮುರಿಯುತ್ತೆ.

ಓವನ್ ಇದ್ದರೆ 110 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ, ನಡುವೆ ಒಮ್ಮೆ ಮಗುಚಿ ಹಾಕಿ. ಬೇಗ ಆಗಲಿ ಅಂತ ಬಿಸಿ ಹೆಚ್ಚಿಸಿದರೆ ಪೂರಿಯ ಹಾಗೆ ಉಬ್ಬುತ್ತೆ. ಓವನ್ ಇಲ್ಲದಿದ್ದರೆ ತಾರಸಿಯ ಬಿಸಿಲು, ನಾಲ್ಕೈದು ದಿನ, ದಿನಕ್ಕೆರಡು ಸಲ ತಿರುಗಿಸಬೇಕು, ಮೇಲೊಂದು ತೆಳು ಬಟ್ಟೆ ಮುಚ್ಚಬೇಕು, ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತರಬೇಕು. ಮೈಸೂರು, ಧಾರವಾಡದ ಡಿಸೆಂಬರ್ ಬಿಸಿಲಿಗೆ ಚೆನ್ನಾಗಿ ಒಣಗುತ್ತವೆ. ಉಡುಪಿ, ಕಾರವಾರದಲ್ಲಿ ಬೇರೆಯೇ ಕಥೆ. ಉಪ್ಪು ಗಾಳಿಯ ತೇವ ಹೀರಿ ಒಣಗಿದ್ದೂ ಮತ್ತೆ ಮೆತ್ತಗಾಗುತ್ತೆ. ಅಲ್ಲಿಯವರು ಓವನ್ನಿನಲ್ಲೇ ಒಣಗಿಸಿ, ಅಕ್ರಿಲಿಕ್ ಬಣ್ಣ ಹಚ್ಚಿ, ಅದು ಆರಿದ ಮೇಲೆ ವಾರ್ನಿಷ್ ಅನ್ನು ಎರಡೂ ಬದಿಗೆ, ಅಂಚಿಗೆ, ತೂತಿನ ಒಳಗೂ ಎರಡು ಸಲ ಬಳಿಯಿರಿ. ಒಂದು ಕಡೆ ಬಿಟ್ಟರೂ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಕೆಳಗಿನ ಕೊಂಬೆಗಳಿಗೆ ಇವನ್ನು ಕಟ್ಟಲೇಬೇಡಿ, ಅಷ್ಟೊಂದು ಉಪ್ಪು ನಾಯಿಯ ಜೀವಕ್ಕೇ ಅಪಾಯ.

ಬೆಳ್ಳಗೆ, ನಯವಾಗಿ ಬೇಕು ಅನ್ನುವವರಿಗೆ ಸೋಡಾ ಹಿಟ್ಟು. ಒಂದು ಲೋಟ ಅಡಿಗೆ ಸೋಡಾ (ಬೇಕಿಂಗ್ ಪೌಡರ್ ಅಲ್ಲ), ಅರ್ಧ ಲೋಟ ಕಾರ್ನ್ ಫ್ಲೋರ್, ಮುಕ್ಕಾಲು ಲೋಟಕ್ಕಿಂತ ಸ್ವಲ್ಪ ಕಡಿಮೆ ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ, ತಳ ಬಿಟ್ಟು ಮುದ್ದೆಯಾದ ತಕ್ಷಣ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಲು ಬಿಡಿ. ಆಮೇಲೆ ನಾದಿ ಲಟ್ಟಿಸಿ. ಇದನ್ನು ಬಿಸಿಲಿಗಿಟ್ಟರೆ ಒಡೆಯುತ್ತೆ, ನೆರಳಲ್ಲಿ ಒಂದೆರಡು ದಿನ ಇರಲಿ.

ಗಾಜಿನ ಗುಂಡುಗಳು ಜರ್ಮನಿಯ ಲೌಶಾ ಊರಿನಿಂದ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಮರದ ಮೇಲೆ ಇರುತ್ತಿದ್ದದ್ದು ಸೇಬು, ಅಕ್ರೋಟು, ಬಿಸ್ಕತ್ತು. ಹಣ್ಣು ನೇತುಹಾಕುವ ಆಸೆ ಇದ್ದರೆ ಒಣಗಿಸಿದ ಬಿಲ್ಲೆ ಮಾಡಿ. ಸಿಪ್ಪೆ ಸಡಿಲ ಇರುವ ಕಿತ್ತಳೆ ಬೇಡ, ತೊಳೆಗಳು ಬಿಟ್ಟುಕೊಳ್ಳುತ್ತವೆ. ಮೂಸಂಬಿ ಒಳ್ಳೆಯದು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಬಟ್ಟೆಯಲ್ಲಿ ರಸ ಒತ್ತಿ ತೆಗೆದು, 100 ಡಿಗ್ರಿ ಓವನ್ನಿನಲ್ಲಿ ಮೂರು ನಾಲ್ಕು ಗಂಟೆ. ಮುಟ್ಟಿದರೆ ಜಿಗುಟು ಇರಬಾರದು, ಇದ್ದರೆ ಇರುವೆ ಸಾಲು ಗ್ಯಾರಂಟಿ. ಬಿಲ್ಲೆಯ ಜೊತೆ ಒಂದು ತುಂಡು ಚಕ್ಕೆ, ಒಂದು ಚಕ್ರಮೊಗ್ಗು ಸೇರಿಸಿ ಸೆಣಬಿನ ದಾರದಲ್ಲಿ ಕಟ್ಟಿದರೆ ಕೋಣೆಯೆಲ್ಲ ಪರಿಮಳ. ಇವು ಒಂದೇ ಹಬ್ಬಕ್ಕೆ, ಮುಂದಿನ ವರ್ಷಕ್ಕೆ ಎತ್ತಿಡಲು ಹೋದರೆ ಬೂಸ್ಟು ಹಿಡಿಯುತ್ತೆ.

ಕಟ್ಟುವಾಗ ಉಪ್ಪಿನ ಹಿಟ್ಟಿನವು ಕಾಂಡಕ್ಕೆ ಹತ್ತಿರ, ಸೋಡಾ ಹಿಟ್ಟಿನವು ನಡುವೆ, ಕಾಗದ ಮತ್ತು ಕಡ್ಡಿಯವು ತುದಿಗೆ. ಮೇಣದಬತ್ತಿ ಮಾತ್ರ ಯಾವ ಕಾರಣಕ್ಕೂ ಬೇಡ, ಒಣಗಿದ ಸರ್ವೆ ಮತ್ತು ಕಾಗದ ಭಗ್ ಅಂತ ಹೊತ್ತಿಕೊಳ್ಳುತ್ತವೆ. ಬಿಸಿಯಾಗದ ಎಲ್‌ಇಡಿ ಸರ ಹಾಕಿ. ಕೊಂಬೆ ಬೇಗ ಉದುರುತ್ತದೆ, ಹಾಗಾಗಿ ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ತಂದರೆ ಸಾಕು, ಮರಳಿಗೆ ದಿನಾ ನೀರು ಹಾಕಿ. ಜನವರಿ 6ರ ಮೂವರು ಅರಸರ ಹಬ್ಬ ಮುಗಿದ ಮೇಲೆ ಇಳಿಸಿ, ಮೊಟ್ಟೆ ಟ್ರೇಯ ಗುಳಿಗಳಲ್ಲಿ ಒಂದೊಂದನ್ನೇ ಇಟ್ಟು, ಗಾಳಿಯಾಡದ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎಸೆಯದೆ ಇಟ್ಟಿದ್ದರೆ ಅದನ್ನೂ ಒಳಗೆ ಹಾಕಿಡಿ.