ಒಂದೇ ಹಾಳೆಯಲ್ಲಿ ವ್ಯಾಪಾರದ ಗುರಿ: ಸ್ಟ್ರಾಟಜಿ ಮ್ಯಾಪ್ ಬರೆಯುವ ಬಗೆ

ಸ್ಟ್ರಾಟಜಿ ಮ್ಯಾಪ್ ಎಂದರೆ ವ್ಯಾಪಾರದ ಗುರಿಗಳನ್ನೂ ಯಾವುದರಿಂದ ಯಾವುದು ಆಗುತ್ತದೆ ಎಂಬುದನ್ನೂ ತೋರಿಸುವ ನಕ್ಷೆ. ಎ3 ಹಾಳೆಯಲ್ಲಿ ನಾಲ್ಕು ಅಡ್ಡಪಟ್ಟಿ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಹಣ, ಗ್ರಾಹಕರು, ಒಳಗಿನ ಕೆಲಸ, ಕಲಿಕೆ. ನಿರ್ವಹಣಾ ತಜ್ಞರಾದ ರಾಬರ್ಟ್ ಕಪ್ಲಾನ್, ಡೇವಿಡ್ ನಾರ್ಟನ್ 1992ರಲ್ಲಿ ಮುಂದಿಟ್ಟ, ಸಂಸ್ಥೆಯ ಸಾಧನೆಯನ್ನು ಹಣವೊಂದರಿಂದಲೇ ಅಳೆಯದ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್‌ನ ನಾಲ್ಕು ನೋಟಗಳಿವು.

ಬರೆಯುವುದು ಮೇಲಿನಿಂದ, ಓದುವುದು ಕೆಳಗಿನಿಂದ. ಬೇಕರಿಯೊಂದನ್ನು ತೆಗೆದುಕೊಳ್ಳಿ. ಹಣ: ವರ್ಷದಲ್ಲಿ ಲಾಭ ಶೇ 15 ಏರಬೇಕು. ಗ್ರಾಹಕರು: ಸಂಜೆ 5ಕ್ಕೆ ಬಂದವರಿಗೂ ಬಿಸಿ ಬನ್ ಸಿಗಬೇಕು. ಒಳಗಿನ ಕೆಲಸ: ಮಧ್ಯಾಹ್ನ 3ಕ್ಕೆ ಎರಡನೇ ಸಲ ಬೇಯಿಸುವುದು. ಕಲಿಕೆ: ಇಬ್ಬರು ಸಹಾಯಕರಿಗೆ ಹಿಟ್ಟಿನ ಹದ ಕಲಿಸುವುದು. ಈಗ ಕೆಳಗಿನಿಂದ ಮೇಲಕ್ಕೆ ಬಾಣ ಹಾಕಿ.

ಎಡವುವುದು ಈ ಬಾಣಗಳಲ್ಲೇ. ಪ್ರತಿ ಬಾಣವೂ ‘ಇದಾದರೆ ಅದಾಗುತ್ತದೆ’ ಎಂಬ ಊಹೆ. ಗಟ್ಟಿಯಾಗಿ ಓದಿದಾಗ ನಂಬಿಕೆ ಬಾರದಿದ್ದರೆ ಅಳಿಸಿ. ಎಲ್ಲಕ್ಕೂ ಎಲ್ಲವನ್ನೂ ಜೋಡಿಸಿದರೆ ಅದು ನಕ್ಷೆಯಲ್ಲ, ಜೇಡರಬಲೆ. ‘ಮಾರ್ಕೆಟಿಂಗ್’ ಎಂದಷ್ಟೇ ಬರೆದರೆ ಅದು ವಿಭಾಗದ ಹೆಸರು, ಗುರಿಯಲ್ಲ, ಕ್ರಿಯಾಪದ ಬೇಕು. ಒಟ್ಟು ಗುರಿಗಳು 15 ದಾಟದಿರಲಿ. ಪ್ರತಿಯೊಂದಕ್ಕೂ ಒಂದು ಅಳತೆ, ಒಬ್ಬ ಹೊಣೆಗಾರ. ಕಲಿಕೆಯ ಪಟ್ಟಿಯನ್ನು ಖಾಲಿ ಬಿಡುವವರೂ ಇದ್ದಾರೆ, ಆದರೆ ಮೇಲಿನದೆಲ್ಲ ನಿಂತಿರುವುದು ಅದರ ಮೇಲೆ.

ಪೆನ್ಸಿಲ್‌ನಲ್ಲೇ ಬರೆಯಿರಿ. ಮೂರು ತಿಂಗಳಿಗೊಮ್ಮೆ ನೋಡಿ: 3 ಗಂಟೆಗೆ ಬನ್ ತಪ್ಪದೆ ಬೇಯುತ್ತಿದ್ದರೂ ಸಂಜೆಯ ಗಿರಾಕಿ ಹೆಚ್ಚದಿದ್ದರೆ ಕೆಲಸಗಾರರನ್ನು ಬೈಯುವ ಮೊದಲು ಬಾಣವನ್ನು ಅನುಮಾನಿಸಿ.