ಮೂರೇ ಜನ ಉಳಿದಾಗ ಎಕ್ಕಕ್ಕೆ ಕಾಯಬೇಡಿ

ಪುಷ್ಯ ಮಳೆ ಹಿಡಿದರೆ ನಮ್ಮ ಮೂಡಿಗೆರೆ ಕಡೆ ಬೇಗ ಬಿಡುವ ಮಾತೇ ಇಲ್ಲ. ತೋಟದ ಕೆಲಸ ನಿಲ್ಲುತ್ತದೆ. ಕರೆಂಟ್ ಹೋಗುತ್ತದೆ. ಮನೆ ತುಂಬ ನೆಂಟರು. ಇಸ್ಪೀಟಿನ ಕಟ್ಟು ಕಪಾಟಿನಿಂದ ಹೊರಗೆ ಬರುವುದು ಆಗಲೇ. ಮೊದಲೆಲ್ಲ ರಮ್ಮಿ, ಮಕ್ಕಳಿಗೆ ಕತ್ತೆ ಆಟ. ಈಗ ಕೆಲವು ವರ್ಷದಿಂದ ಎಂಟು ಜನ ಕೂತು ಲಿಮಿಟ್ ಹೋಲ್ಡೆಮ್ ಪೋಕರ್ ಪಂದ್ಯ ಆಡುತ್ತೇವೆ.

ದುಡ್ಡು ಕಟ್ಟುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮನೆಯಲ್ಲೂ ದುಡ್ಡು ಬಂದರೆ ನೆಂಟಸ್ತಿಕೆ ಕೆಡುತ್ತದೆ. ನಮ್ಮದು ಕಾಫಿ ಲೆಕ್ಕ. ಒಂದು ಪಾರ್ಚ್‌ಮೆಂಟ್ ಬೀಜಕ್ಕೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) 2 ಪಾಯಿಂಟ್, ಒಂದು ಒಣಗಿದ ಚೆರ್ರಿಗೆ (ಇಡೀ ಹಣ್ಣು) 10. ಒಬ್ಬೊಬ್ಬರಿಗೆ ಎಂಟು ಚೆರ್ರಿ, ಹತ್ತು ಪಾರ್ಚ್‌ಮೆಂಟ್. ಅಲ್ಲಿಗೆ ತಲೆಗೆ 100 ಪಾಯಿಂಟ್, ಇಡೀ ಮೇಜಿನ ಮೇಲೆ 800.

ಎಂಟು ಜನ ಇರುವಾಗ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ತಪ್ಪು ಶುರುವಾಗುವುದು ನಾಲ್ಕು, ಮೂರು, ಇಬ್ಬರಿಗೆ ಇಳಿದಾಗ. ಅಲ್ಲಿಯವರೆಗೆ ಕಾದು ಗೆದ್ದವರು ಅಲ್ಲೂ ಕಾಯುತ್ತಾರೆ. ಕಾದು ಕಾದು ಖಾಲಿಯಾಗುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು

ಪ್ರತಿಯೊಬ್ಬರಿಗೆ ಮುಚ್ಚಿದ ಎರಡು ಎಲೆ. ಮೇಜಿನ ಮೇಲೆ ಮೊದಲು ಮೂರು ಎಲೆ ತೆರೆಯುತ್ತಾರೆ, ಅದು ಫ್ಲಾಪ್. ನಂತರ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಏಳರಲ್ಲಿ ಒಳ್ಳೆಯ ಐದು ಯಾರದೋ ಪಾಟ್, ಅಂದರೆ ನಡುವೆ ಕೂಡಿದ ಪಾಯಿಂಟೆಲ್ಲ, ಅವರದು. ಪಾಯಿಂಟ್ ಮುಂದಿಡುವುದು ಬೆಟ್, ಅದಕ್ಕೆ ಸಮ ಹಾಕುವುದು ಕಾಲ್, ಅದನ್ನು ಏರಿಸುವುದು ರೈಸ್, ಏನೂ ಹಾಕದೆ ಸರದಿ ದಾಟಿಸುವುದು ಚೆಕ್, ಎಲೆ ಬಿಡುವುದು ಫೋಲ್ಡ್. ಲಿಮಿಟ್ ಆಟದಲ್ಲಿ ಬೆಟ್ ಎಷ್ಟು ಅಂತ ಮೊದಲೇ ನಿಗದಿ. ಫ್ಲಾಪ್‌ವರೆಗೆ ಸಣ್ಣ ಬೆಟ್, ಟರ್ನ್ ಮತ್ತು ರಿವರ್‌ನಲ್ಲಿ ಅದರ ಎರಡರಷ್ಟು. ಇದ್ದದ್ದನ್ನೆಲ್ಲ ಒಂದೇ ಸಲ ಮುಂದೆ ತಳ್ಳಿ ಹೆದರಿಸುವ ಸಿನಿಮಾ ಪೋಕರ್ ಇಲ್ಲಿ ನಡೆಯುವುದಿಲ್ಲ.

ಮೊದಲು ಬಾಡಿಗೆ ಲೆಕ್ಕ ಹಾಕಿ

ಡೀಲರ್ ಜಾಗ ಪ್ರತಿ ಹಂಚಿಕೆಗೆ ಮುಂದಿನವರಿಗೆ ಹೋಗುತ್ತದೆ. ಡೀಲರ್‌ನ ಎಡಗಡೆ ಸಾಲಾಗಿ ಕೂತ ಇಬ್ಬರು ಎಲೆ ನೋಡುವ ಮುಂಚೆಯೇ ಹಾಕಬೇಕಾದ ಪಾಯಿಂಟಿಗೆ ಬ್ಲೈಂಡ್ ಅನ್ನುತ್ತಾರೆ. ನನಗೆ ಅದು ಕುರ್ಚಿಯ ಬಾಡಿಗೆ. ಶುರುವಿನಲ್ಲಿ ನಮ್ಮಲ್ಲಿ ಮೊದಲನೆಯವರ ಸಣ್ಣ ಬ್ಲೈಂಡ್ 2, ಎರಡನೆಯವರ ದೊಡ್ಡ ಬ್ಲೈಂಡ್ 4. ಎಂಟು ಜನ ಇದ್ದರೆ ಎಂಟು ಹಂಚಿಕೆಗೆ 6 ಪಾಯಿಂಟ್ ಬಾಡಿಗೆ. ಏನೂ ಅಲ್ಲ.

ಮೂವರು ಉಳಿಯುವ ಹೊತ್ತಿಗೆ ಬ್ಲೈಂಡ್ ಏರುತ್ತಾ ಏರುತ್ತಾ 10 ಮತ್ತು 20 ಆಗಿರುತ್ತದೆ. ಸಣ್ಣ ಬೆಟ್ 20, ದೊಡ್ಡದು 40. ಈಗ ಮೂರೇ ಹಂಚಿಕೆಗೆ 30 ಪಾಯಿಂಟ್ ಹೋಗುತ್ತದೆ. ಸರಾಸರಿ ಒಬ್ಬರ ಕೈಯಲ್ಲಿ ಇರುವುದು 266. ಏನೂ ಆಡದೆ ಸುಮ್ನೆ ಕೂತರೆ ಒಂಬತ್ತು ಸುತ್ತಿಗೆ, ಅಂದರೆ 27 ಹಂಚಿಕೆಗೆ, ಕಥೆ ಮುಗಿಯಿತು. ಎಕ್ಕದ ಜೋಡಿ ಬರುವುದು ಸರಾಸರಿ 221 ಹಂಚಿಕೆಗೆ ಒಮ್ಮೆ. ಯಾವುದೋ ಒಂದು ಜೋಡಿ ಬರುವುದಕ್ಕೇ 17 ಹಂಚಿಕೆ ಬೇಕು.

ಇನ್ನೊಂದು ಲೆಕ್ಕವೂ ತಲೆಯಲ್ಲಿರಲಿ. ಒಂದು ರೈಸ್ ಆದ ಆಟವನ್ನು ಕೊನೆಯವರೆಗೆ ಒಯ್ದರೆ ಬೀಳುವ ಖರ್ಚು ಫ್ಲಾಪ್‌ಗೆ ಮುಂಚೆ 40, ಫ್ಲಾಪ್‌ನಲ್ಲಿ 20, ಟರ್ನ್‌ನಲ್ಲಿ 40, ರಿವರ್‌ನಲ್ಲಿ 40. ಒಟ್ಟು 140. ನಿಮ್ಮ ಹತ್ತಿರ ಇರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ. ಕಾಯುವ ಹಾಗೂ ಇಲ್ಲ, ಕಂಡದ್ದಕ್ಕೆಲ್ಲ ಕೈ ಹಾಕುವ ಹಾಗೂ ಇಲ್ಲ.

ಒಳಗೆ ಬರುವುದಾದರೆ ರೈಸ್ ಮಾಡಿಯೇ ಬನ್ನಿ

ನಿಮಗಿಂತ ಮುಂಚೆ ಯಾರೂ ಆಟಕ್ಕೆ ಇಳಿದಿಲ್ಲ ಅಂದುಕೊಳ್ಳಿ. ಎಲೆ ಆಡುವಂಥದ್ದಾದರೆ ರೈಸ್ ಮಾಡಿ, ಅಲ್ಲದಿದ್ದರೆ ಫೋಲ್ಡ್. ಬರೀ 20 ಹಾಕಿ ಮೆಲ್ಲಗೆ ಒಳಗೆ ತೂರಬೇಡಿ. ಹಾಗೆ ತೂರಿದರೆ ದೊಡ್ಡ ಬ್ಲೈಂಡಿನವರು ಪುಕ್ಕಟೆ ಫ್ಲಾಪ್ ನೋಡುತ್ತಾರೆ. ರೈಸ್ ಮಾಡಿದಾಗ ಇಬ್ಬರೂ ಎಲೆ ಬಿಟ್ಟರೆ 30 ಪಾಯಿಂಟ್ ನಿಮ್ಮದು. ಒಂದು ಸುತ್ತಿನ ಬಾಡಿಗೆ ಕಟ್ಟಿದ ಹಾಗೆ.

ಯಾವ ಎಲೆಗೆ? ಮೂವರಿದ್ದು ನೀವೇ ಡೀಲರ್ ಆದರೆ ಯಾವ ಜೋಡಿಗಾದರೂ, ಯಾವ ಎಕ್ಕಕ್ಕಾದರೂ, ರಾಜನ ಜೊತೆ ಮಧ್ಯಮ ಎಲೆ ಇದ್ದರೂ, ಹತ್ತು-ಒಂಬತ್ತರಂಥ ಪಕ್ಕದ ಎಲೆಗಳಿಗೂ ರೈಸ್ ಮಾಡುತ್ತೇನೆ. ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ಕು ಹಂಚಿಕೆ ಆಯಿತು. ಎಂಟು ಜನರ ಮೇಜಿನಲ್ಲಿ ಎಕ್ಕ-ಮೂರು ನೋಡಿ ಮುಖ ಸಿಂಡರಿಸಿದವರು ಈಗ ಅದನ್ನೇ ಹಿಡಿದು ಮುಂದೆ ಬರಬೇಕು. ಎದುರಿಗೆ ಇಬ್ಬರೇ ಇದ್ದಾರೆ, ಅಲ್ವಾ?

ಸಣ್ಣ ಬ್ಲೈಂಡಿನಲ್ಲಿ ಕೂತವರ ಪಾಡು ಎಲ್ಲರಿಗಿಂತ ಕಷ್ಟ. ಫ್ಲಾಪ್ ಆದ ಮೇಲೆ ಪ್ರತಿ ಸಲ ಅವರೇ ಮೊದಲು ಬಾಯಿ ಬಿಡಬೇಕು. ಡೀಲರ್ ರೈಸ್ ಮಾಡಿದರೆ ಅಲ್ಲಿಂದ ಸುಮ್ನೆ ಕಾಲ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಲೆ ಚೆನ್ನಾಗಿದ್ದರೆ ಮತ್ತೆ ರೈಸ್ ಮಾಡಿ 60ಕ್ಕೆ ಏರಿಸಿ. ಆಗ ದೊಡ್ಡ ಬ್ಲೈಂಡಿನವರು 40 ಹಾಕಬೇಕಾಗುತ್ತದೆ, ಬಹಳ ಸಲ ಬಿಟ್ಟು ಹೋಗುತ್ತಾರೆ. ಅವರ 20 ಪಾಟ್‌ನಲ್ಲೇ ಉಳಿಯುತ್ತದೆ.

ದೊಡ್ಡ ಬ್ಲೈಂಡಿನದು ಬೇರೆ ಲೆಕ್ಕ. ಡೀಲರ್ 40ಕ್ಕೆ ಏರಿಸಿ, ಸಣ್ಣ ಬ್ಲೈಂಡ್ ಬಿಟ್ಟಿದ್ದರೆ ಪಾಟ್‌ನಲ್ಲಿ 70 ಇರುತ್ತದೆ. ನೀವು ಹಾಕಬೇಕಾದದ್ದು ಬರೀ 20. ಒಂಬತ್ತು-ಏಳು ಹಿಡಿದು ಎಕ್ಕ-ರಾಜನ ಎದುರು ಕೂತರೂ ಕೊನೆವರೆಗೆ ಎಲೆ ತೆರೆದರೆ ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ ನೀವೇ ಗೆಲ್ಲುತ್ತೀರಿ. ಹಾಗಾಗಿ ಇಲ್ಲಿ ಧಾರಾಳವಾಗಿ ಕಾಲ್ ಮಾಡಿ. ತೀರಾ ಕಸ ಎಲೆ, ಏಳು-ಎರಡು, ಎಂಟು-ಮೂರು ಥರದ್ದು ಬಂದರೆ ಬಿಡಿ.

ಫ್ಲಾಪ್: ಇಬ್ಬರಿಗೂ ಏನೂ ಸಿಗದ ಜಾಗ

ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಎರಡು ಸಲ ಏನೂ ಸಿಗುವುದಿಲ್ಲ. ನಿಮಗೂ ಅಷ್ಟೇ, ಎದುರಿನವರಿಗೂ ಅಷ್ಟೇ. ರೈಸ್ ಮಾಡಿ ಬಂದವರು ನೀವಾದರೆ, ಎದುರಿಗೆ ಒಬ್ಬರೇ ಇದ್ದರೆ, ಅವರು ಚೆಕ್ ಅಂದರೆ ಬೆಟ್ ಮಾಡಿ. ಪಾಟ್‌ನಲ್ಲಿ ನಿಮ್ಮಿಬ್ಬರ 40, 40 ಮತ್ತು ಬಿಟ್ಟ ಸಣ್ಣ ಬ್ಲೈಂಡಿನ 10 ಸೇರಿ 90 ಇದೆ, ನೀವು ಹಾಕುವುದು 20. ಐದರಲ್ಲಿ ಒಂದು ಸಲ ಅವರು ಬಿಟ್ಟರೂ ನಷ್ಟವಿಲ್ಲ.

ಆದರೆ ಟರ್ನ್‌ನಲ್ಲಿ ಬೆಟ್ 40 ಆಗುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲಿ. ಎದುರಿನವರು ಫ್ಲಾಪ್‌ನಲ್ಲಿ ಕಾಲ್ ಮಾಡಿದರು, ನಿಮಗೆ ಎಕ್ಕ ಬಿಟ್ಟರೆ ಏನೂ ಇಲ್ಲ, ಅವರು ಸುಲಭಕ್ಕೆ ಬಿಡುವವರೂ ಅಲ್ಲ. ಹಾಗಿದ್ದರೆ ಚೆಕ್ ಮಾಡಿ, ಇನ್ನೊಂದು ಎಲೆ ಪುಕ್ಕಟೆ ನೋಡಿ. ಬಿಡುವ ಸ್ವಭಾವದವರಾದರೆ ಮತ್ತೊಮ್ಮೆ ಬೆಟ್. ಇದನ್ನು ನಿರ್ಧರಿಸುವುದು ಎಲೆಯಲ್ಲ, ಮುಂದೆ ಕೂತ ಮನುಷ್ಯ. ನಮ್ಮ ಭಾವ ಒಂದು ಜೋಡಿ ಸಿಕ್ಕರೆ ಮನೆ ಮಾರಿಯಾದರೂ ಕಾಲ್ ಮಾಡುತ್ತಾರೆ. ಅವರ ಮುಂದೆ ಎರಡನೇ ಸಲ ಸುಳ್ಳು ಬೆಟ್ ಹಾಕುವುದು ದಂಡ.

ಬರಬೇಕಾದ ಎಲೆಗೆ ಕಾಯುವಾಗಲೂ ಲೆಕ್ಕ ಇರಲಿ. ಒಂದೇ ರಂಗಿನ (ಎಲ್ಲ ಇಸ್ಪೀಟು ಅಥವಾ ಎಲ್ಲ ಆಟೀನು, ಹೀಗೆ) ಐದು ಎಲೆ ಕೂಡಿದರೆ ದೊಡ್ಡ ಆಟ. ಅಂಥ ನಾಲ್ಕು ಎಲೆ ಇದ್ದರೆ ಆ ರಂಗಿನ ಒಂಬತ್ತು ಎಲೆ ಬಾಕಿ, ಫ್ಲಾಪ್‌ನಿಂದ ರಿವರ್‌ವರೆಗೆ ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಆಡಿ. ಒಂದರ ಹಿಂದೊಂದು ಬರುವ ಐದು ಎಲೆಯ ಸಾಲಿಗೆ ನಡುವಿನ ಒಂದೇ ಎಲೆ ಬೇಕಾದರೆ ಉಳಿದ 47ರಲ್ಲಿ ಇರುವುದು ನಾಲ್ಕು. ಬಿಡಿ.

ರಿವರ್‌ನಲ್ಲಿ ಜಿಪುಣತನ ಬೇಡ

ನಾನು ಅತಿ ಹೆಚ್ಚು ಪಾಯಿಂಟ್ ಕಳೆದುಕೊಂಡದ್ದು ಇಲ್ಲೇ. ಹೋದ ಮಳೆಗಾಲ ಮೂವರು ಉಳಿದಿದ್ದೆವು. ಡೀಲರ್ ಆಗಿದ್ದ ಚಿಕ್ಕಮ್ಮ ರೈಸ್ ಮಾಡಿದರು. ನಾನು ದೊಡ್ಡ ಬ್ಲೈಂಡಿನಲ್ಲಿ ಒಂಬತ್ತು-ಎಂಟು ಹಿಡಿದು ಕಾಲ್ ಮಾಡಿದೆ. ಫ್ಲಾಪ್ ರಾಜ, ಒಂಬತ್ತು, ನಾಲ್ಕು. ನನಗೆ ಒಂಬತ್ತರ ಜೋಡಿ. ಚಿಕ್ಕಮ್ಮ ಫ್ಲಾಪ್‌ನಲ್ಲಿ ಬೆಟ್, ಟರ್ನ್‌ನಲ್ಲಿ ಬೆಟ್, ರಿವರ್‌ನಲ್ಲೂ ಬೆಟ್. ರಾಜ ಇದ್ದೇ ಇದೆ ಅಂತ ನಾನು ಎಲೆ ಬಿಟ್ಟೆ. ಅವರು ತೆರೆದು ತೋರಿಸಿದ್ದು ಎಕ್ಕ ಮತ್ತು ರಾಣಿ. ಜೋಡಿಯೇ ಇಲ್ಲ.

"ನೀನು ಬಿಡ್ತೀಯ ಅಂತ ಗೊತ್ತಿತ್ತು ಕಣೋ" ಎಂದು ನಕ್ಕು ಪಾಟ್ ಬಾಚಿಕೊಂಡರು.

ಆ ಹೊತ್ತಿಗೆ ಪಾಟ್‌ನಲ್ಲಿ 250 ಇತ್ತು. ನಾನು ಉಳಿಸಿದ್ದು 40. ಏಳು ಸಲ ಕಾಲ್ ಮಾಡಿ ಆರು ಸಲ ಸೋತು ಒಂದೇ ಸಲ ಗೆದ್ದರೂ ನನಗೆ ಲಾಭವೇ ಇತ್ತು. ಕಡಿಮೆ ಜನರ ಲಿಮಿಟ್ ಆಟದಲ್ಲಿ ಮಧ್ಯದ ಜೋಡಿ ದೊಡ್ಡ ಎಲೆ. ಬರೀ ಎಕ್ಕ ಹಿಡಿದೂ ಎಷ್ಟೋ ಸಲ ಕಾಲ್ ಮಾಡಬೇಕಾಗುತ್ತದೆ. ಒಂದು ವಿನಾಯಿತಿ ಇದೆ. ಸುಳ್ಳು ಹೇಳಿ ಗೊತ್ತೇ ಇಲ್ಲದ ದೊಡ್ಡಪ್ಪನಂಥವರು ರಿವರ್‌ನಲ್ಲಿ ನಿಮ್ಮ ಬೆಟ್ ಮೇಲೆ ರೈಸ್ ಮಾಡಿದರೆ ಮಾತಾಡದೆ ಎಲೆ ಕೆಳಗಿಡಿ.

ಕೈಯಲ್ಲಿ ಕಡಿಮೆ ಉಳಿದಾಗ

140ಕ್ಕಿಂತ ಕೆಳಗೆ ಬಂದರೆ ಅರ್ಧ ದಾರಿಯಿಂದ ವಾಪಸ್ ಬರುವ ಆಟ ಬೇಡ. ಎಲೆ ಆರಿಸಿ, ರೈಸ್ ಮಾಡಿ, ಜೋಡಿ ಸಿಕ್ಕರೆ ಕೊನೆಯವರೆಗೆ ಹೋಗಿ. 70 ಇದ್ದಾಗ ರೈಸ್ ಮಾಡಿದರೆ ಎದುರಿನವರು ಇನ್ನೂ ಯೋಚಿಸುತ್ತಾರೆ. 20ಕ್ಕೆ ಇಳಿದ ಮೇಲೆ ನೀವು ಹಾಕಿದ್ದು ರೈಸೇ ಅಲ್ಲ. ದೊಡ್ಡ ಬ್ಲೈಂಡಿನವರು ಒಂದು ಚೆರ್ರಿಯನ್ನೂ ಸೇರಿಸದೆ ನಿಮ್ಮ ಎದುರು ಕೊನೆವರೆಗೆ ಆಡುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಬಹುಮಾನ ಇಬ್ಬರಿಗೆ ಇದ್ದು ಮೂವರು ಉಳಿದಿದ್ದರೆ ಸ್ವಲ್ಪ ತಾಳ್ಮೆ ಇರಲಿ. ಒಬ್ಬರು ಕೊನೆಯುಸಿರಿನಲ್ಲಿರುವಾಗ ಉಳಿದಿಬ್ಬರು ಒಬ್ಬರ ಮೇಲೊಬ್ಬರು ಬೀಳುವುದು ಬೇಡ.

ಇಬ್ಬರೇ ಆದಾಗ

ಇಲ್ಲಿ ನಿಯಮವೇ ತಿರುಗುತ್ತದೆ. ಡೀಲರ್ ಸಣ್ಣ ಬ್ಲೈಂಡ್ ಹಾಕುತ್ತಾನೆ. ಫ್ಲಾಪ್‌ಗೆ ಮುಂಚೆ ಅವನೇ ಮೊದಲು, ಆಮೇಲೆ ಪ್ರತಿ ಸಲ ಅವನೇ ಕೊನೆ. ಮನೆಯಾಟಗಳಲ್ಲಿ ಇದನ್ನು ಉಲ್ಟಾ ಆಡಿ ಜಗಳ ಆಗುತ್ತದೆ. ಒಂದು ಸುತ್ತಿಗೆ ಎಷ್ಟು ರೈಸ್ ಎಂದೂ ಮೊದಲೇ ಮಾತಾಡಿಕೊಳ್ಳಿ. ಸಾಮಾನ್ಯವಾಗಿ ಒಂದು ಬೆಟ್, ಮೂರು ರೈಸ್. ಇಬ್ಬರೇ ಉಳಿದಾಗ ಕೆಲವರು ಆ ಮಿತಿ ತೆಗೆಯುತ್ತಾರೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಸೆಫಿಯಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿ, ಇಬ್ಬರ ಲಿಮಿಟ್ ಹೋಲ್ಡೆಮ್ ಆಟವನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿದ್ದಾಗಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ನಮಗೆ ಬೇಕಾದದ್ದು ಎರಡೇ. ಡೀಲರ್ ಜಾಗದಲ್ಲಿ ಕೂತವರಿಗೆ ಲಾಭ. ಆ ಜಾಗದಲ್ಲಿ ಸೆಫಿಯಸ್ ಮೆಲ್ಲಗೆ ಕಾಲ್ ಮಾಡಿ ಒಳಗೆ ಬರುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರೈಸ್ ಇಲ್ಲವೇ ಫೋಲ್ಡ್.

ಇಬ್ಬರ ಆಟದಲ್ಲಿ ಬೇರೆ ಬೇರೆ ರಂಗಿನ ರಾಣಿ-ಏಳು ಹೆಚ್ಚುಕಡಿಮೆ ಸರಾಸರಿ ಎಲೆ. ಅದಕ್ಕಿಂತ ಮೇಲಿನದ್ದೆಲ್ಲ ಒಳ್ಳೆಯದೇ. ಡೀಲರ್ ಆದಾಗ ನಾನು ಐದರಲ್ಲಿ ನಾಲ್ಕು ಸಲ ರೈಸ್ ಮಾಡುತ್ತೇನೆ. ಎದುರಿನವರು ಹಾಗೆ ಮಾಡಿದಾಗ 60ರ ಪಾಟ್‌ಗೆ 20 ಹಾಕಿದರೆ ಸಾಕು ಅಂತ ನೆನಪಿಟ್ಟುಕೊಂಡು ಬಹಳಷ್ಟಕ್ಕೆ ಕಾಲ್ ಮಾಡುತ್ತೇನೆ.

ಇದು ಅಭ್ಯಾಸವಾಗಬೇಕಾದರೆ ಎಂಟು ಜನ ಸೇರುವವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ತಲೆಗೆ 400 ಪಾಯಿಂಟ್ ಇಟ್ಟು, ಬ್ಲೈಂಡ್ 10-20 ಮಾಡಿ ಅಲ್ಲಿಂದಲೇ ಶುರು ಮಾಡಿ. ಬಿಟ್ಟ ಎಲೆಯನ್ನೂ ಇಬ್ಬರೂ ತೆರೆದು ತೋರಿಸಬೇಕು ಅಂತ ಒಪ್ಪಂದ ಇರಲಿ. ಎಷ್ಟು ಸಲ ಗೆಲ್ಲುವ ಎಲೆ ಬಿಟ್ಟಿರಿ ಅನ್ನುವುದನ್ನು ಚೀಟಿಯಲ್ಲಿ ಗೀಟು ಹಾಕುತ್ತಾ ಹೋಗಿ. ನನ್ನ ಮೊದಲ ಸಂಜೆಯ ಚೀಟಿಯಲ್ಲಿ ಹನ್ನೊಂದು ಗೀಟು ಇದ್ದವು.