ವಿಜಯಪುರದಲ್ಲಿ ಕೂತು ಕಿಮ್ಚಿ ಹಾಕುವುದು, ಆಯಿ ಜೊತೆ ಕೊರಿಯನ್ ಸೀರಿಯಲ್ ನೋಡುವುದು

ಕೊರಿಯನ್ ಸೀರಿಯಲ್ ನೋಡಿದರೆ ಹಸಿವಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಹೀರೋಯಿನ್ ಪಾತ್ರೆಯ ಮುಚ್ಚಳದಲ್ಲೇ ನೂಡಲ್ಸ್ ಹಾಕಿಕೊಂಡು ಊದಿ ಊದಿ ತಿನ್ನುತ್ತಾಳೆ, ಇಲ್ಲಿ ನಾವು ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿ ತೆಗೆದು ನೋಡಿದರೆ ಇರುವುದು ಶೇಂಗಾ ಚಟ್ನಿ, ಎರಡು ಕಡಕ್ ರೊಟ್ಟಿ.

ಈ ಹಸಿವಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಆನ್‌ಲೈನ್‌ನಲ್ಲಿ ಸಿಕ್ಕ ಕೆಂಪು ಡಬ್ಬಿ, ಪ್ಯಾಕೆಟ್ ಎಲ್ಲಾ ತರಿಸಿಬಿಡುವುದು. ನಾನೂ ತರಿಸಿದ್ದೆ. ಅರ್ಧ ಫ್ರಿಜ್ಜಿನ ಮೂಲೆಯಲ್ಲೇ ಕೂತು ಹಾಳಾಯಿತು. ನಮ್ಮ ಕಡೆಯವರಿಗೆ ಅಷ್ಟೆಲ್ಲಾ ಬೇಕಾಗಿಯೇ ಇಲ್ಲ. ಉಳಿದ ಊರಿನವರು ಹುಡುಕಾಡುವ ಸಾಮಾನು ನಮ್ಮ ಮನೆಯಲ್ಲಿ ಮೊದಲೇ ಇರುತ್ತದೆ.

ಮೊದಲು ಖಾರದ ಮಾತು. ಕಿಮ್ಚಿ ಅಂದರೆ ತರಕಾರಿಗೆ ಉಪ್ಪು ಹಚ್ಚಿ ಹುಳಿ ಬರಿಸುವ ಕೊರಿಯಾದ ಉಪ್ಪಿನಕಾಯಿ. ಅದಕ್ಕೆ ಹಾಕುವ ಕೊರಿಯನ್ ಖಾರಪುಡಿಗೆ ಗೊಚುಗಾರು ಅನ್ನುತ್ತಾರೆ. ಬಣ್ಣ ಕಡುಗೆಂಪು, ಖಾರ ಸುಮಾರು, ಸ್ವಲ್ಪ ಸಿಹಿ ವಾಸನೆ. ಓದುತ್ತಿದ್ದ ಹಾಗೇ ಗೊತ್ತಾಯಿತು ಅಲ್ವಾ? ಬ್ಯಾಡಗಿ! ಆದರೆ ಗಿರಣಿಯಲ್ಲಿ ಬೀಸಿದ ನುಣ್ಣನೆ ಪುಡಿ ಹಾಕಬೇಡಿ, ಕಿಮ್ಚಿ ಗೋಡೆಗೆ ಬಳಿಯುವ ಬಣ್ಣದ ಹಾಗೆ ಆಗುತ್ತದೆ. ಮೆಣಸಿನಕಾಯಿ ಮುರಿದು, ಬೀಜ ಉದುರಿಸಿ, ಒಂದು ತಾಸು ಬಿಸಿಲಿಗೆ ಹಾಕಿ, ಮಿಕ್ಸರ್‌ನಲ್ಲಿ ಬಿಟ್ಟು ಬಿಟ್ಟು ಮೂರ್ನಾಲ್ಕು ಸುತ್ತು ತಿರುಗಿಸಿ. ದಪ್ಪ ರವೆಯ ಹಾಗೆ ಇರುವಾಗಲೇ ನಿಲ್ಲಿಸಿ. ಇನ್ನೊಂದು, ಅಡುಗೆಮನೆಯಲ್ಲಿ ಕೈಗೆ ಮೊದಲು ಸಿಗುವುದು ಮಸಾಲಿ ಖಾರದ ಡಬ್ಬಿ. ಅದನ್ನು ಅಪ್ಪಿತಪ್ಪಿಯೂ ಹಾಕಬೇಡಿ. ಅದರಲ್ಲಿ ಕೊತ್ತಂಬರಿ, ಜೀರಿಗೆ, ಕೊಬ್ಬರಿ ಎಲ್ಲಾ ಇರುತ್ತದೆ, ಕಿಮ್ಚಿ ಹೋಗಿ ಕೆಟ್ಟ ಪಲ್ಯ ಆಗುತ್ತದೆ.

ಅಂದಹಾಗೆ ಮೆಣಸಿನಕಾಯಿ ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಹೊರಟು ಎರಡೂ ಕಡೆ ಬಂದು ಸೇರಿದ್ದು. ಅದು ಬರುವ ಮೊದಲಿನ ಕಿಮ್ಚಿಗೆ ಈ ಕೆಂಪು ಇರಲಿಲ್ಲ, ಈಗಲೂ ಖಾರವಿಲ್ಲದ ಬಿಳಿ ಕಿಮ್ಚಿ ಮಾಡುತ್ತಾರೆ.

ಈಗ ಕಿಮ್ಚಿ. ಫೋಟೋದಲ್ಲಿ ಕಾಣುವ ಉದ್ದನೆಯ ಚೈನೀಸ್ ಕ್ಯಾಬೇಜ್ ನಮ್ಮ ಶಾಸ್ತ್ರಿ ಮಾರ್ಕೆಟ್‌ನಲ್ಲಿ ಹುಡುಕುತ್ತಾ ನಿಂತರೆ ದಿನ ಹೋಗುತ್ತದೆ. ಅದರ ಗೊಡವೆ ಬಿಡಿ, ಮೂಲಂಗಿ ತನ್ನಿ. ಕೊರಿಯಾದಲ್ಲಿ ಮೂಲಂಗಿ ಹೋಳಿನ ಕಿಮ್ಚಿಗೆ ಕಕ್ಡುಗಿ ಎಂಬ ಹೆಸರೇ ಇದೆ. ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯದು, ಕೆಡುವುದು ಕಡಿಮೆ, ರೊಟ್ಟಿ ಜೊತೆ ಕರ್ ಕರ್ ಅಂತ ಚೆನ್ನಾಗಿರುತ್ತದೆ. ಅವರ ಮೂಲಂಗಿ ಗಿಡ್ಡ, ದಪ್ಪ, ಸ್ವಲ್ಪ ಸಿಹಿ. ನಮ್ಮದು ಘಾಟು. ಹಾಗಾಗಿ ಇದ್ದುದರಲ್ಲೇ ದಪ್ಪಗಿರುವ, ಎಳೆಯದು ಆರಿಸಿ.

ಒಂದು ಕೆಜಿ ಮೂಲಂಗಿಯ ಸಿಪ್ಪೆ ತೆಗೆದು ಬೆಲ್ಲದ ಸಣ್ಣ ಹೆಂಟೆಯಷ್ಟು ಹೋಳು ಮಾಡಿ. 25 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ದೊಡ್ಡ ಚಮಚ, ಮತ್ತೆ ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಕಲಸಿ ಅರ್ಧ ಗಂಟೆ ಬಿಡಿ. ನೀರು ಬಿಡುತ್ತದೆ. ಆ ನೀರನ್ನು ಬಸಿದು ಒಂದು ಬಟ್ಟಲಲ್ಲಿ ಇಟ್ಟುಕೊಳ್ಳಿ, ಚೆಲ್ಲಬೇಡಿ. ಈ ಕಡೆ ಒಂದು ಚಮಚ ಅಕ್ಕಿ ಹಿಟ್ಟಿಗೆ ಅರ್ಧ ಲೋಟ ನೀರು ಹಾಕಿ ಗಂಜಿಯ ಹಾಗೆ ಕುದಿಸಿ ಆರಿಸಿ. ಅದಕ್ಕೆ ನಾಲ್ಕು ಚಮಚ ಬ್ಯಾಡಗಿ ತರಿ, ಆರೇಳು ಎಸಳು ಜಜ್ಜಿದ ಬಳ್ಳೊಳ್ಳಿ, ಸಣ್ಣ ತುಂಡು ಹಸಿಶುಂಠಿ. ಇದನ್ನು ಹೋಳಿಗೆ ಹಚ್ಚಿ, ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು ಸೇರಿಸಿ, ಬಸಿದ ನೀರನ್ನು ನಾಲ್ಕೈದು ಚಮಚ ವಾಪಸ್ ಹಾಕಿ. ಒಂದು ಹೋಳು ಬಾಯಿಗೆ ಹಾಕಿಕೊಂಡು ನೋಡಿ. ಸ್ವಲ್ಪ ಉಪ್ಪು ಜಾಸ್ತಿ ಅನ್ನಿಸಿದರೆ ಸರಿ ಇದೆ ಅಂತ ಅರ್ಥ, ಸಪ್ಪೆ ಅನ್ನಿಸಿದರೆ ಮಾತ್ರ ಚಿಟಿಕೆ ಉಪ್ಪು ಸೇರಿಸಿ.

ಅವರು ಇದಕ್ಕೆ ಮೀನಿನ ಸಾಸ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದು ಹೊಸ್ತಿಲು ದಾಟುವುದಿಲ್ಲ, ನಿಮ್ಮಲ್ಲೂ ಹಾಗೇ ಇದ್ದರೆ ಬೇಜಾರು ಬೇಡ. ಕೊರಿಯಾದ ಬೌದ್ಧ ಮಠಗಳ ಕಿಮ್ಚಿಯಲ್ಲಿ ಮೀನೂ ಇಲ್ಲ, ಬಳ್ಳೊಳ್ಳಿಯೂ ಇಲ್ಲ, ಆದರೂ ಅದು ಕಿಮ್ಚಿಯೇ.

ಇನ್ನು ಬಾಟಲಿಗೆ ತುಂಬುವುದು. ಗಾಜಿನ ಬಾಟಲಿ, ಪೂರ್ತಿ ಒಣಗಿರಬೇಕು, ಮುಕ್ಕಾಲು ಭಾಗ ಮಾತ್ರ ತುಂಬಿ. ಈ ಮುಕ್ಕಾಲು ಅನ್ನುವುದನ್ನು ನಾನು ಮೊದಲ ಸಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏಪ್ರಿಲ್ ತಿಂಗಳು, ವಿಜಯಪುರದ ಬಿಸಿಲು, ಕುತ್ತಿಗೆಯವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ ಎರಡು ದಿನ ಕಟ್ಟೆ ಮೇಲೆ ಇಟ್ಟಿದ್ದೆ. ತೆಗೆಯುವಾಗ ಸುಸ್ಸ್ ಅಂತ ಉಕ್ಕಿದ ಕೆಂಪು ನೀರು ಗೋಡೆಯ ಕ್ಯಾಲೆಂಡರ್‌ಗೆ ಸಿಡಿಯಿತು. ಆ ಕಲೆಯ ಮೇಲೆ ಇಡೀ ವರ್ಷ ಹಾಲಿನ ಲೆಕ್ಕ ಬರೆದೆವು. ಒಳಗೆ ಆಗುವುದು ಇಷ್ಟೇ: ದೋಸೆ ಹಿಟ್ಟು ಉಬ್ಬುವ ಹಾಗೆ ಇಲ್ಲೂ ಹುಳಿ ಬರಿಸುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ, ಗಾಳಿ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ ಹೊರಗಿಟ್ಟರೆ ಸಾಕು, ಡಿಸೆಂಬರ್‌ನಲ್ಲಿ ಎರಡು ದಿನ. ದಿನಕ್ಕೊಮ್ಮೆ ಮುಚ್ಚಳ ಸಡಿಲ ಮಾಡಿ, ಕೆಳಗೊಂದು ತಾಟು ಇಡಿ. ಸಣ್ಣ ಗುಳ್ಳೆ ಕಂಡು ಹುಳಿ ವಾಸನೆ ಬಂದಾಗ ಫ್ರಿಜ್ಜಿಗೆ. ಒಂದು ವಾರಕ್ಕೆ ರುಚಿ ಕೂತಿರುತ್ತದೆ. ಹಸಿ ಚಮಚ ಹಾಕಬೇಡಿ. ಮೇಲೆ ಬೂಸ್ಟು ಬಂದರೆ ಮೇಲಿನದು ತೆಗೆದು ತಿನ್ನುವ ಜಾಣತನ ಬೇಡ, ಪೂರ್ತಿ ಚೆಲ್ಲಿಬಿಡಿ.

ನಮ್ಮ ಆಯಿ ಮೊದಲ ಸಲ ಬಾಟಲಿ ಮೂಸಿ ನೋಡಿ ಹೇಳಿದ್ದು, "ಇದು ನಮ್ಮ ಕರಿಂಡಿನೇ ಅದಲ್ಲವ್ವಾ, ಬಣ್ಣ ಅಷ್ಟೇ ಬ್ಯಾರೆ." ಸುಳ್ಳಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಕರಿಂಡಿಯೂ ಗಡಿಗೆಯಲ್ಲಿ ದಿನಗಟ್ಟಲೆ ಕೂತು ಹುಳಿ ಬಂದ ಮೇಲೇ ಅಲ್ವಾ ರುಚಿ? ಕೊರಿಯಾದಲ್ಲಿ ಚಳಿಗಾಲಕ್ಕೆ ಮೊದಲು ಮನೆಯವರು, ನೆರೆಯವರು ಸೇರಿ ರಾಶಿಗಟ್ಟಲೆ ಕಿಮ್ಚಿ ಹಾಕುತ್ತಾರೆ, ಅದಕ್ಕೆ ಕಿಮ್ಜಾಂಗ್ ಅನ್ನುತ್ತಾರೆ, 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಾನು ಇದನ್ನು ಹೇಳಿದಾಗ ಆಯಿ, ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶ್ಯಾವಿಗೆ, ಸಂಡಿಗೆ ಮಾಡುತ್ತಿದ್ದರಲ್ಲ, ಅದಕ್ಕೆ ಯಾರೂ ಪಟ್ಟಿ ಮಾಡಲಿಲ್ಲವೇನು ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡು ಕೊಟ್ಟು ಒಂದೇ ಒಂದು ತರಿಸುವುದಿದ್ದರೆ ಗೊಚುಜಾಂಗ್ ತರಿಸಿ. ಸೋಯಾ, ಅಕ್ಕಿ, ಖಾರಪುಡಿ ಸೇರಿಸಿ ತಿಂಗಳುಗಟ್ಟಲೆ ಹುಳಿ ಬರಿಸಿದ ಕೆಂಪು ಪೇಸ್ಟ್ ಅದು. ನಮ್ಮ ರಂಜಕ ಅದರ ಬದಲಿಗೆ ನಡೆಯುತ್ತದೆ ಅಂತ ನಾನು ತುಂಬಾ ದಿನ ವಾದ ಮಾಡಿದೆ. ನಡೆಯುವುದಿಲ್ಲ. ರಂಜಕದಲ್ಲಿ ನಿಂಬೆ ಹುಳಿ ಮುಂದೆ ಬರುತ್ತದೆ, ಗೊಚುಜಾಂಗ್‌ನಲ್ಲಿ ಸಿಹಿ, ಸೋಯಾದ ಆಳ ಮುಂದೆ. ಅನ್ನಕ್ಕೆ ಹಳೆ ಸೋನಾ ಮಸೂರಿ ಬೇಡ, ಉದುರುತ್ತದೆ. ಬೆಳಗಾವಿ ಕಡೆಯಿಂದ ಯಾರಾದರೂ ಬಂದರೆ ಇಂದ್ರಾಯಣಿ ಅಕ್ಕಿ ತರಲು ಹೇಳಿ, ಅಂಟು ಅಂಟಾಗಿ ಆಗುತ್ತದೆ, ಕಡಲಪಾಚಿ ಹಾಳೆಯಲ್ಲಿ ಅನ್ನ ಇಟ್ಟು ಸುರುಳಿ ಮಾಡುವ ಕಿಂಬಾಪ್ ಸುತ್ತಲು ಬರುತ್ತದೆ. ಅದಕ್ಕೆ ಅವರು ಹಾಕುವುದು ಹುರಿದ ಎಳ್ಳಿನ ಎಣ್ಣೆ. ಸಿಗದಿದ್ದರೆ ಎಳ್ಳು ಹುರಿದು ಕುಟ್ಟಿ ಅನ್ನಕ್ಕೆ ಕಲಸಿ. ನೂಡಲ್ಸ್ ಪ್ಯಾಕೆಟ್ ತೆಗೆದುಕೊಳ್ಳುವಾಗ ಹಸಿರು ಗುರುತು ನೋಡಿ, ಚಿತ್ರದಲ್ಲಿ ಬರೀ ತರಕಾರಿ ಇದ್ದರೂ ಮಸಾಲೆ ಪುಡಿಯಲ್ಲಿ ದನದ ಮಾಂಸದ್ದೋ ಮೀನಿನದ್ದೋ ಸಾರ ಇರಬಹುದು.

ಈಗ ತಾಟು ಹಿಡಿದು ಟಿವಿ ಮುಂದೆ ಕೂರಿ. ಮನೆಯವರ ಜೊತೆ ನೋಡುವುದಾದರೆ ಕೊಲೆ, ಜೊಂಬಿ ಇರುವುದರಿಂದ ಶುರು ಮಾಡಬೇಡಿ. 'ರಿಪ್ಲೈ 1988' ಹಾಕಿ. 2015ರಲ್ಲಿ ಶುರುವಾದದ್ದು, ಸೋಲ್ ನಗರದ ಒಂದು ಓಣಿ, ಐದು ಮನೆ, 20 ಎಪಿಸೋಡ್. ಒಂದೊಂದು ಎಪಿಸೋಡ್ ಒಂದು ಗಂಟೆಗಿಂತ ಜಾಸ್ತಿ ಎಳೆಯುತ್ತದೆ, ತಾಳ್ಮೆ ಇರಲಿ. ಮೊದಲ ಎಪಿಸೋಡ್‌ನಲ್ಲೇ ಊಟದ ಹೊತ್ತಿಗೆ ಆ ಮನೆಯ ಪಲ್ಯ ಈ ಮನೆಗೆ, ಈ ಮನೆಯದು ಆ ಮನೆಗೆ ಹುಡುಗರ ಕೈಯಲ್ಲಿ ಓಡಾಡುತ್ತದೆ. ಅದನ್ನು ನೋಡಿ ಆಯಿ ಎದ್ದು ಹೋಗಲಿಲ್ಲ.

ಡಬ್ಬಿಂಗ್ ಬೇಡ. ಕೊರಿಯನ್‌ನಲ್ಲೇ ಹಾಕಿ, ಕಿವಿ ಕೊಡಿ. ಅಪ್ಪನಿಗೆ ಅವರೂ 'ಅಪ್ಪಾ' ಅಂತಲೇ ಅನ್ನುತ್ತಾರೆ. ಮಾತಿನ ಕೊನೆಗೆ 'ಯೊ' ಬರುತ್ತದೆ ನೋಡಿ, ಅದು ನಮ್ಮ 'ರಿ'. 'ಕಾ' ಅಂದರೆ ಹೋಗು, 'ಕಾಯೊ' ಅಂದರೆ ಹೋಗ್ರಿ. 'ಬಾಪ್ ಮೊಗೊಸ್ಸೊಯೊ' ಅಂದರೆ ಊಟ ಆತೇನ್ರಿ. 'ಯೊ' ಬಿಟ್ಟು ಮಾತಾಡಿದರೆ ಏಕವಚನ, ಅದಕ್ಕೆ ಅವರು ಬಾನ್ಮಲ್ ಅನ್ನುತ್ತಾರೆ, ಅದರ ಮೇಲೇ ಎಷ್ಟೋ ಜಗಳ ನಡೆಯುತ್ತವೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದು ಕಾಣುವುದೇ ಇಲ್ಲ, ಎರಡಕ್ಕೂ ಒಂದೇ 'ಯೂ'. ಅಷ್ಟು ದಿನ 'ಯೊ' ಹಚ್ಚಿ ಮಾತಾಡಿದ ಹುಡುಗ ಒಂದು ದಿನ ಅದನ್ನು ಬಿಟ್ಟರೆ, ಅಲ್ಲಿ ಏನೋ ನಡೆದಿದೆ ಅಂತ ನಮಗೆ ಓದದೆಯೇ ತಿಳಿಯುತ್ತದೆ.

ಸಬ್‌ಟೈಟಲ್ ಓದಲು ಬಾರದ ಆಯಿಗೆ ನಾನು ಪಕ್ಕದಲ್ಲಿ ಕೂತು ಕಥೆ ಹೇಳುತ್ತೇನೆ. ಮೊನ್ನೆ ಬೇರೆ ಒಂದು ಲವ್ ಸ್ಟೋರಿ ನೋಡುತ್ತಿದ್ದೆವು. ನಾನು ಕಕ್ಡುಗಿ ಹಾಕಿಕೊಳ್ಳಲು ಒಳಗೆ ಹೋಗಿದ್ದೆ. ಆಯಿ ಹೊರಗಿಂದಲೇ ಕೂಗಿದಳು, "ಏ, ಲಗೂನ ಬಾ. ಅವ 'ರಿ' ಬಿಟ್ಟಾನ!"